ಅಣ್ಣನ ಜೇಬಿನ ವಾದ್ಯ

1857ರಲ್ಲಿ ಜರ್ಮನಿಯ ಟ್ರೊಸಿಂಗೆನ್ ಎಂಬ ಊರಿನ ಗಡಿಯಾರ ಕೆಲಸದ ಮಥಿಯಾಸ್ ಹೋನರ್ ಮೌತ್ ಆರ್ಗನ್ ತಯಾರಿಸತೊಡಗಿದ. ನಮ್ಮಂಥವರ ಕಿವಿಗೆ ಅದನ್ನು ಮುಟ್ಟಿಸಿದ್ದು ಸಿನಿಮಾ. 1964ರ ‘ದೋಸ್ತಿ’ಯಲ್ಲಿ ನುಡಿಸಿದವರು ಆರ್.ಡಿ. ಬರ್ಮನ್. ನಮ್ಮ ಮನೆಯಲ್ಲಿ ಮಾತ್ರ ಅದು ಅಣ್ಣನ ಜೇಬಿನ ಸೊತ್ತು. ಹೆಣ್ಣುಮಕ್ಕಳು ಬಾಯಿಗಿಟ್ಟು ಊದುವುದು ಅಜ್ಜಿಗೆ ಆಗದು. ನನಗೆ ಹಾರ್ಮೋನಿಯಂ ಆಗಬಹುದಿತ್ತು, ಅದೂ ಗಾಳಿಯದೇ ಅಲ್ಲವೆ!

ಐವತ್ತು ದಾಟಿದ ಮೇಲೆ ನನ್ನದೇ ಒಂದನ್ನು ಕೊಂಡೆ. ಹತ್ತು ತೂತು. ನಾಲ್ಕನೆಯದನ್ನು ಊದಿದರೆ ಷಡ್ಜ, ಉಸಿರೆಳೆದರೆ ರಿಷಭ. ಧೈವತದವರೆಗೂ ಇದೇ ಲೆಕ್ಕ. ಏಳನೆಯದರಲ್ಲಿ ಲೆಕ್ಕ ತಿರುಗುತ್ತದೆ: ನಿಷಾದಕ್ಕೆ ಮತ್ತೆ ಎಳೆಯಬೇಕು, ಮೇಲಿನ ಷಡ್ಜಕ್ಕೆ ಊದಬೇಕು. ಕೆಳಗಿನ ಸ್ಥಾಯಿಯಲ್ಲಂತೂ ಮಧ್ಯಮ, ಧೈವತಗಳ ಜಾಗವೇ ಇಲ್ಲ. ಮಾಯಾಮಾಳವಗೌಳದ ಸರಳೆ ಹೊಸಬರಿಗೆ ಒಲಿಯದು, ಸಿಕ್ಕುವುದು ಶಂಕರಾಭರಣ. ಸಂಜೆ ಬೀದಿಬಾಗಿಲು ತೆರೆದಿಟ್ಟೇ ನುಡಿಸುತ್ತೇನೆ.