ಓಟದ ಲೆಕ್ಕ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ರನ್ನಿಂಗ್ ಬ್ಯಾಕ್‌ನ ಹೊರೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಪಡೆದು ಎದುರಾಳಿಗಳ ಸಾಲನ್ನು ಭೇದಿಸಿ ಓಡುವವನೇ ರನ್ನಿಂಗ್ ಬ್ಯಾಕ್. ಅವನ ಬಹುತೇಕ ಓಟಗಳು ಟ್ಯಾಕಲ್‌ನಲ್ಲಿ, ಅಂದರೆ ದೈತ್ಯದೇಹಿಗಳು ಮೇಲೆರಗಿ ಕೆಡವುವುದರಲ್ಲಿ ಮುಗಿಯುತ್ತವೆ. ಕ್ರಿಕೆಟ್‌ನಲ್ಲಿ ವೇಗದ ಬೌಲರನ ಓವರುಗಳನ್ನು ಎಣಿಸುವಂತೆ ಇಲ್ಲಿ ಓಟಗಳನ್ನು ಎಣಿಸುತ್ತಾರೆ. ಆದರೆ ಒಬ್ಬನಿಗೆ ಇಷ್ಟೇ ಓಟ ಎಂಬ ಮಿತಿಯನ್ನು ನಿಯಮ ಹಾಕಿಲ್ಲ. ಆಟದ ರೀತಿ, ಕೋಚ್‌ನ ತಂತ್ರ, ಪಂದ್ಯಗಳ ಸಂಖ್ಯೆ ಮತ್ತು ಹಣ ಅದನ್ನು ನಿರ್ಧರಿಸುತ್ತ ಬಂದಿವೆ. ಓಡುವವನ ದೇಹಕ್ಕೆ ಮನ್ನಣೆ ಸಿಕ್ಕಿದ್ದು ತಡವಾಗಿ.

ಕಾಲೇಜು ಫುಟ್‌ಬಾಲ್‌ನ ಮೊದಲ ಪಂದ್ಯ 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆಯಿತು. ಆಟದ ಸಾವುನೋವುಗಳಿಂದ ಕಳವಳಗೊಂಡ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1905ರಲ್ಲಿ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಮರುವರ್ಷ ಚೆಂಡನ್ನು ಮುಂದಕ್ಕೆಸೆಯುವ ಫಾರ್ವರ್ಡ್ ಪಾಸ್‌ಗೆ ಅನುಮತಿ ದೊರೆತು, ಆಟವೆಲ್ಲ ನೂಕುನುಗ್ಗಲಿನ ಓಟವಾಗಿದ್ದ ಸ್ಥಿತಿ ಬದಲಾಗತೊಡಗಿತು. ಆಗೆಲ್ಲ ಆಕ್ರಮಣಕ್ಕೂ ರಕ್ಷಣೆಗೂ ಅದೇ ಆಟಗಾರರು ನಿಲ್ಲಬೇಕಿತ್ತು. ಆಟಗಾರರನ್ನು ಬದಲಿಸುವ ನಿಯಮ 1941ರಲ್ಲಿ ಸಡಿಲವಾಗಿ, 1953ರಲ್ಲಿ ಮತ್ತೆ ಬಿಗಿಯಾಗಿ, 1965ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ರಕ್ಷಣೆಯ ಕೆಲಸದಿಂದ ಬಿಡುಗಡೆ ಪಡೆದ ರನ್ನಿಂಗ್ ಬ್ಯಾಕ್‌ಗೆ ಸಿಕ್ಕ ಆ ವಿಶ್ರಾಂತಿಯೇ ಅವನ ಮೇಲೆ ಇನ್ನಷ್ಟು ಓಟ ಹೇರಲು ದಾರಿಯಾಯಿತು.

ಈ ಪದ್ಧತಿ ಎದ್ದು ಕಂಡದ್ದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. 1968ರ ಋತುವಿನ ಹತ್ತು ಪಂದ್ಯಗಳಲ್ಲಿ ಓ. ಜೆ. ಸಿಂಪ್ಸನ್ 355 ಬಾರಿ ಓಡಿದರು. ಇಷ್ಟೊಂದು ಓಡಿಸುವುದೇಕೆ ಎಂದು ಕೇಳಿದವರಿಗೆ ಕೋಚ್ ಜಾನ್ ಮೆಕೇ, ಚೆಂಡೇನೂ ಭಾರವಿಲ್ಲ, ಹುಡುಗ ಕಾರ್ಮಿಕ ಸಂಘದವನೂ ಅಲ್ಲ ಎಂಬರ್ಥದ ಉತ್ತರ ಕೊಟ್ಟದ್ದು ಪ್ರಸಿದ್ಧ. ವಿದ್ಯಾರ್ಥಿವೇತನದ ಹೊರತು ಸಂಬಳವಿಲ್ಲದ ಆಟಗಾರನಿಗೆ ತನ್ನ ಹೊರೆಯ ಬಗ್ಗೆ ಮಾತಾಡುವ ಅಧಿಕಾರವಿರಲಿಲ್ಲ ಎಂಬ ಸತ್ಯ ಆ ಮಾತಿನಲ್ಲಿದೆ. 1981ರಲ್ಲಿ ಅದೇ ತಂಡದ ಮಾರ್ಕಸ್ ಅಲೆನ್ 403 ಓಟಗಳಲ್ಲಿ 2,342 ಯಾರ್ಡ್ ಗಳಿಸಿ, ಒಂದೇ ಋತುವಿನಲ್ಲಿ ಎರಡು ಸಾವಿರ ದಾಟಿದ ಮೊದಲಿಗರಾದರು. ಜಾರ್ಜಿಯಾದ ಹರ್ಷಲ್ ವಾಕರ್ ಮೂರೇ ವರ್ಷಗಳಲ್ಲಿ 994 ಬಾರಿ ಓಡಿದರು. 1991ರಲ್ಲಿ ಕ್ಯಾನ್ಸಸ್‌ನ ಟೋನಿ ಸ್ಯಾಂಡ್ಸ್ ಒಂದೇ ಪಂದ್ಯದಲ್ಲಿ 58 ಸಲ ಚೆಂಡು ಹೊತ್ತರು. ಪಂದ್ಯಗಳು ಹೆಚ್ಚಿದಂತೆ ಲೆಕ್ಕವೂ ಏರಿತು: 2007ರಲ್ಲಿ ಸೆಂಟ್ರಲ್ ಫ್ಲಾರಿಡಾದ ಕೆವಿನ್ ಸ್ಮಿತ್ 14 ಪಂದ್ಯಗಳಲ್ಲಿ 450 ಬಾರಿ ಓಡಿದರು.

ಹೊರೆ ಹಂಚುವ ಇನ್ನೊಂದು ದಾರಿಯೂ ಜೊತೆಜೊತೆಗೇ ಇತ್ತು. 1980ರ ದಶಕದ ಆರಂಭದಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಎರಿಕ್ ಡಿಕರ್ಸನ್ ಮತ್ತು ಕ್ರೇಗ್ ಜೇಮ್ಸ್ ಅವರನ್ನು ಸರದಿಯಂತೆ ಆಡಿಸಿತು. 2005ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾದ ರೆಜಿ ಬುಷ್ 200, ಲೆಂಡೇಲ್ ವೈಟ್ 197 ಓಟ ಓಡಿದರು. ಹೊರೆ ಅರ್ಧವಾದರೂ ಬುಷ್ 1,740 ಯಾರ್ಡ್ ಗಳಿಸಿದರು. ದಣಿಯದ ಕಾಲು ಪ್ರತಿ ಓಟದಲ್ಲೂ ಹೆಚ್ಚು ದೂರ ಹೋಗುತ್ತದೆ ಎಂಬ ವಾದಕ್ಕೆ ಇದು ಬಲ ಕೊಟ್ಟಿತು.

ಸೌತ್ ಕ್ಯಾರೊಲಿನಾದ ಮಾರ್ಕಸ್ ಲ್ಯಾಟಿಮೋರ್ ಅವರ ಕಥೆ ಈ ಚರ್ಚೆಗೆ ನೋವಿನ ಮುಖ ಕೊಟ್ಟಿತು. 2010ರಲ್ಲಿ, ಮೊದಲ ವರ್ಷದಲ್ಲೇ, ಫ್ಲಾರಿಡಾ ವಿರುದ್ಧ ಅವರು 40 ಬಾರಿ ಓಡಿದ್ದರು. 2011ರಲ್ಲಿ ಒಂದು ಮೊಣಕಾಲಿಗೆ ಪೆಟ್ಟಾಯಿತು. 2012ರ ಅಕ್ಟೋಬರ್‌ನಲ್ಲಿ ಇನ್ನೊಂದು ಮೊಣಕಾಲು ಭೀಕರವಾಗಿ ಘಾಸಿಗೊಂಡಿತು. ವೃತ್ತಿಪರ ತಂಡ ಆರಿಸಿಕೊಂಡರೂ ಒಂದು ಪಂದ್ಯವನ್ನೂ ಆಡದೆ 2014ರಲ್ಲಿ, 23ನೇ ವಯಸ್ಸಿಗೆ, ನಿವೃತ್ತರಾದರು. ಇಂಥ ಗಾಯಕ್ಕೆ ಓಟಗಳ ಸಂಖ್ಯೆಯೊಂದೇ ಕಾರಣವೆನ್ನಲಾಗದು. ಆದರೆ ಪ್ರತಿ ಹೆಚ್ಚುವರಿ ಓಟವೂ ಇನ್ನೊಂದು ಹೊಡೆತಕ್ಕೆ ದೇಹವನ್ನು ಒಡ್ಡುತ್ತದೆ.

ಹಾಗೆಂದು ಹಳೆಯ ಪದ್ಧತಿ ಅಳಿಯಲಿಲ್ಲ. 2015ರಲ್ಲಿ ಅಲಬಾಮಾದ ಡೆರಿಕ್ ಹೆನ್ರಿ ಒಂದು ವಾರ 46, ಮರುವಾರ 44 ಬಾರಿ ಓಡಿದರು, ಋತುವಿಡೀ 395. ಇತ್ತೀಚಿನ ತಂಡಗಳು ಅಭ್ಯಾಸದಲ್ಲಿ ತಾರಾ ಆಟಗಾರನಿಗೆ ಟ್ಯಾಕಲ್ ತಪ್ಪಿಸುತ್ತವೆ, ಮೈಗೆ ತೊಡಿಸಿದ ಜಿಪಿಎಸ್ ಸಾಧನದಿಂದ ಓಟದ ವೇಗ, ದೂರ ಅಳೆಯುತ್ತವೆ, ಗೆಲುವು ಖಚಿತವಾದೊಡನೆ ಹೊರಗೆ ಕೂರಿಸುತ್ತವೆ. 2024ರಲ್ಲಿ ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ ಏಕಪಕ್ಷೀಯ ಪಂದ್ಯಗಳಲ್ಲಿ ಹೀಗೆ ಬೇಗ ವಿರಮಿಸಿದರೂ 14 ಪಂದ್ಯಗಳಲ್ಲಿ 374 ಬಾರಿ ಓಡಿ 2,601 ಯಾರ್ಡ್ ಗಳಿಸಿದರು. ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ 11 ಪಂದ್ಯಗಳಲ್ಲಿ ಸ್ಥಾಪಿಸಿದ 2,628ರ ದಾಖಲೆಗೆ 27 ಯಾರ್ಡ್ ಕಡಿಮೆಯಾಯಿತು.

ಆಟಗಾರ ತಾನೇ ಲೆಕ್ಕ ಹಾಕತೊಡಗಿದ್ದು ದೊಡ್ಡ ಬದಲಾವಣೆ. 2016ರ ಡಿಸೆಂಬರ್‌ನಲ್ಲಿ ರನ್ನಿಂಗ್ ಬ್ಯಾಕ್‌ಗಳಾದ ಲಿಯೊನಾರ್ಡ್ ಫೋರ್ನೆಟ್ ಮತ್ತು ಕ್ರಿಶ್ಚಿಯನ್ ಮೆಕ್ಯಾಫ್ರಿ ವೃತ್ತಿಜೀವನವನ್ನು ಕಾಪಾಡಿಕೊಳ್ಳಲು ಋತುವಿನ ಕೊನೆಯ ಬೌಲ್ ಪಂದ್ಯದಿಂದ ಹಿಂದೆ ಸರಿದರು. ಹಲವರು ಅದೇ ಹಾದಿ ಹಿಡಿದರು. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು; 2025ರಿಂದ ಕಾಲೇಜುಗಳೇ ನೇರವಾಗಿ ಪಾವತಿಸಬಹುದು. ಇತ್ತ 2024ರಲ್ಲಿ, ಚಾಂಪಿಯನ್ ಯಾರೆಂದು ನಿರ್ಧರಿಸುವ ಪ್ಲೇಆಫ್ 12 ತಂಡಗಳಿಗೆ ವಿಸ್ತರಿಸಿ ಋತು ಇನ್ನಷ್ಟು ಉದ್ದವಾಗಿದೆ. ಎಷ್ಟು ಓಡಿಸಬೇಕೆಂಬ ತೀರ್ಮಾನ ಇಂದಿಗೂ ಕೋಚ್‌ನದೇ. ಆದರೆ ಆ ತೀರ್ಮಾನದ ಬೆಲೆ ತೆರುವವನಿಗೂ ಈಗ ಮಾತಾಡುವ ಬಲವಿದೆ.