ಆಪರೇಟಿಂಗ್ ಸಿಸ್ಟಮ್ ಬದಲಾದ ಮೇಲೆ ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್

ವಿಂಡೋಸ್ ಕಂಪ್ಯೂಟರಿನಲ್ಲಿ ಬಳಸಿದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಲಿನಕ್ಸ್‌ಗೋ ಮ್ಯಾಕ್‌ಗೋ ಜೋಡಿಸಿದಾಗ ಅದು ತೆರೆಯುವುದೇ, ತೆರೆದರೂ ಅದರಲ್ಲಿ ಬರೆಯಲು ಬರುವುದೇ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಡಿಸ್ಕಿನ ಫೈಲ್ ಸಿಸ್ಟಮ್. ಯಾವ ಫೈಲು ಡಿಸ್ಕಿನ ಯಾವ ಭಾಗದಲ್ಲಿದೆ, ಅದರ ಹೆಸರೇನು, ಎಷ್ಟು ದೊಡ್ಡದು, ಯಾರು ತೆರೆಯಬಹುದು, ಎಲ್ಲಿ ಜಾಗ ಖಾಲಿ ಇದೆ ಎಂಬ ಲೆಕ್ಕವನ್ನು ಇಡುವ ಪದ್ಧತಿಯೇ ಫೈಲ್ ಸಿಸ್ಟಮ್. ಒಂದೊಂದು ಆಪರೇಟಿಂಗ್ ಸಿಸ್ಟಮ್ ಈ ಲೆಕ್ಕವನ್ನು ತನ್ನದೇ ರೀತಿಯಲ್ಲಿ ಬರೆಯುತ್ತದೆ. ಒಂದು ಬರೆದದ್ದನ್ನು ಇನ್ನೊಂದು ಓದಲಾರದೆ ಹೋದಾಗ ಡಿಸ್ಕ್ ಕೆಟ್ಟಿದೆ ಎಂದು ಜನ ಭಾವಿಸುತ್ತಾರೆ. ಎಷ್ಟೋ ಸಲ ಡಿಸ್ಕಿಗೂ ಅದರೊಳಗಿನ ಫೈಲುಗಳಿಗೂ ಏನೂ ಆಗಿರುವುದಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕಡ್ಡಾಯವಾಗಿ ಕೇಳುವುದರಿಂದ ಅನೇಕ ಹಳೆಯ ಕಂಪ್ಯೂಟರುಗಳು ಅದಕ್ಕೆ ಅರ್ಹವಲ್ಲ. ಅಂಥ ಯಂತ್ರಗಳಲ್ಲಿ ಲಿನಕ್ಸ್ ಹಾಕಿಕೊಂಡವರಿಗೆ ಮೊದಲು ಎದುರಾಗುವ ಪ್ರಶ್ನೆಗಳಲ್ಲಿ ಹಳೆಯ ಡಿಸ್ಕಿನದೂ ಒಂದು.

ವಿಂಡೋಸ್‌ನಲ್ಲಿ ಬಳಸಿದ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇರುವುದು ಮೂರು ಫೈಲ್ ಸಿಸ್ಟಮ್‌ಗಳು. 1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆ ಬಂದ ಎನ್‌ಟಿಎಫ್‌ಎಸ್ ದೊಡ್ಡ ಡಿಸ್ಕುಗಳಲ್ಲಿ ಹೆಚ್ಚಾಗಿ ಕಾಣುತ್ತದೆ. 1996ರ ಫ್ಯಾಟ್32 ಹೆಚ್ಚುಕಡಿಮೆ ಎಲ್ಲ ಯಂತ್ರಗಳಲ್ಲೂ ತೆರೆಯುತ್ತದೆ. ಆದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಫೈಲು ಅದರಲ್ಲಿ ಹಿಡಿಯುವುದಿಲ್ಲ; ಮದುವೆಯ ವಿಡಿಯೋ ಒಂದೇ ಫೈಲಾಗಿದ್ದರೆ ಡಿಸ್ಕಿನಲ್ಲಿ ಎಷ್ಟು ಜಾಗವಿದ್ದರೂ ನಕಲು ಅರ್ಧಕ್ಕೇ ನಿಲ್ಲಬಹುದು. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಈ ಮಿತಿಯಿಲ್ಲ. ಮ್ಯಾಕ್ ಕಂಪ್ಯೂಟರುಗಳಲ್ಲಿ 1998ರಿಂದ ಎಚ್‌ಎಫ್‌ಎಸ್ ಪ್ಲಸ್ ಇತ್ತು. 2017ರ ಹೈ ಸಿಯೆರಾ ಆವೃತ್ತಿಯಿಂದ ಎಪಿಎಫ್‌ಎಸ್ ಅದರ ಜಾಗಕ್ಕೆ ಬಂತು. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು 2008ರಲ್ಲಿ ಸಿದ್ಧಗೊಂಡ ಇಎಕ್ಸ್‌ಟಿ4.

ಪರಿಚಯವಿಲ್ಲದ ಫೈಲ್ ಸಿಸ್ಟಮ್ ಎದುರಾದಾಗ ಆಪರೇಟಿಂಗ್ ಸಿಸ್ಟಮ್ ತೋರಿಸುವ ಸಂದೇಶವೇ ದೊಡ್ಡ ಅಪಾಯ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ವಿಂಡೋಸ್‌ಗೆ ಜೋಡಿಸಿದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಕಿಟಕಿ ಮೂಡುತ್ತದೆ. ಲಿನಕ್ಸ್ ಡಿಸ್ಕನ್ನು ಮ್ಯಾಕ್‌ಗೆ ಜೋಡಿಸಿದರೆ, ಇದನ್ನು ಓದಲಾಗುತ್ತಿಲ್ಲ ಎಂಬ ಮಾತಿನ ಜೊತೆ ‘ಇನಿಷಿಯಲೈಸ್’ ಎಂಬ ಗುಂಡಿ ಬರುತ್ತದೆ. ಡಿಸ್ಕಿನಲ್ಲಿ ಹತ್ತು ವರ್ಷಗಳ ಫೋಟೋಗಳಿರಬಹುದು ಎಂಬುದು ಆ ಸಂದೇಶಗಳಲ್ಲಿ ಎಲ್ಲೂ ಇಲ್ಲ. ಎರಡನ್ನೂ ರದ್ದು ಮಾಡಿ, ಡಿಸ್ಕನ್ನು ಕ್ರಮವಾಗಿ ಹೊರತೆಗೆಯುವುದೇ ಸರಿ. ಕೈತಪ್ಪಿ ಒಪ್ಪಿಗೆ ಕೊಟ್ಟಿದ್ದರೂ ಎಲ್ಲ ಮುಗಿಯಿತು ಎಂದಲ್ಲ: ತಿರುಗುವ ತಟ್ಟೆಯ ಹಾರ್ಡ್ ಡಿಸ್ಕುಗಳಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಅಳಿಸುವುದು ಬಹುಪಾಲು ಹಳೆಯ ಲೆಕ್ಕವನ್ನು ಮಾತ್ರ. ಹೊಸದಾಗಿ ಏನನ್ನೂ ಬರೆಯದೆ ಹಾಗೇ ಇಟ್ಟರೆ ಟೆಸ್ಟ್‌ಡಿಸ್ಕ್, ಫೋಟೋರೆಕ್‌ನಂಥ ಉಚಿತ ತಂತ್ರಾಂಶಗಳಿಂದ ಸಾಕಷ್ಟು ಫೈಲುಗಳನ್ನು ಮರಳಿ ಪಡೆಯಬಹುದು.

ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದವರ ದಾರಿ ಸುಲಭದ್ದು. ಎನ್‌ಟಿಎಫ್‌ಎಸ್‌ ಡಿಸ್ಕಿನಲ್ಲಿ ನೆಚ್ಚಿಕೊಂಡು ಬರೆಯಬಲ್ಲ ಎನ್‌ಟಿಎಫ್‌ಎಸ್-3ಜಿ ಎಂಬ ಮುಕ್ತ ತಂತ್ರಾಂಶ 2007ರಲ್ಲಿ ಸ್ಥಿರ ರೂಪ ಪಡೆಯಿತು. ಪ್ಯಾರಗಾನ್ ಸಂಸ್ಥೆ ಬರೆದ ಇನ್ನೊಂದು ಡ್ರೈವರ್ 2021ರಲ್ಲಿ, 5.15ನೇ ಆವೃತ್ತಿಯಲ್ಲಿ, ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನೊಳಗೇ ಸೇರಿತು. ಹೀಗಾಗಿ ಉಬುಂಟು, ಮಿಂಟ್ ಮೊದಲಾದ ಲಿನಕ್ಸ್ ರೂಪಗಳಲ್ಲಿ ಡಿಸ್ಕ್ ಜೋಡಿಸಿದರೆ ಫೋಲ್ಡರುಗಳು ತಾವಾಗಿಯೇ ಕಾಣುತ್ತವೆ. ತೊಂದರೆ ಬರುವುದು ಹೆಚ್ಚಾಗಿ ವಿಂಡೋಸ್ 8ರಿಂದ ಇರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯದಿಂದ. ಅದು ಚಾಲೂ ಇದ್ದಾಗ ಶಟ್ ಡೌನ್ ಎಂದರೆ ಪೂರ್ತಿ ಮುಚ್ಚುವುದಲ್ಲ. ಸಿಸ್ಟಮ್ಮಿನ ಸ್ಥಿತಿಯನ್ನು ಉಳಿಸಿಟ್ಟು ಮಲಗುವುದು. ಆಗ ಜೋಡಿಸಿಯೇ ಇದ್ದ ಡಿಸ್ಕಿನ ಲೆಕ್ಕ ಅರ್ಧ ಬರೆದಂತೆ ಉಳಿಯುತ್ತದೆ. ಅದನ್ನು ಕಂಡ ಲಿನಕ್ಸ್ ಡಿಸ್ಕನ್ನು ತೆರೆಯಲು ಒಪ್ಪುವುದಿಲ್ಲ, ಇಲ್ಲವೇ ಓದಲು ಮಾತ್ರ ಬಿಡುತ್ತದೆ. ಇದು ಫೈಲುಗಳನ್ನು ಕಾಪಾಡುವ ನಡೆ. ಅದೇ ಡಿಸ್ಕನ್ನು ವಿಂಡೋಸ್ ಇರುವ ಯಾವುದಾದರೂ ಕಂಪ್ಯೂಟರಿಗೆ ಜೋಡಿಸಿ, ದೋಷ ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ನಡೆಸಿ, ‘ಸೇಫ್ಲಿ ರಿಮೂವ್’ ಮೂಲಕ ತೆಗೆದರೆ ಲೆಕ್ಕ ಸರಿಹೋಗುತ್ತದೆ. ಲಿನಕ್ಸ್‌ನಲ್ಲಿರುವ ಎನ್‌ಟಿಎಫ್‌ಎಸ್‌ಫಿಕ್ಸ್ ಕೆಲವು ಸರಳ ದೋಷಗಳನ್ನಷ್ಟೇ ಸರಿಪಡಿಸುತ್ತದೆ. ಅದು ಚೆಕ್‌ಡಿಸ್ಕಿಗೆ ಬದಲಿಯಲ್ಲ. ವಿಂಡೋಸ್ ತೆಗೆದುಹಾಕುವ ಮುನ್ನವೇ ಡಿಸ್ಕನ್ನು ಕ್ರಮವಾಗಿ ಹೊರತೆಗೆದಿಟ್ಟರೆ ಈ ಪ್ರಸಂಗವೇ ಬರುವುದಿಲ್ಲ.

ಮ್ಯಾಕ್‌ಗೆ ಬಂದವರಿಗೆ ಎನ್‌ಟಿಎಫ್‌ಎಸ್ ಡಿಸ್ಕ್ ತೆರೆಯುತ್ತದೆ, ಫೈಲುಗಳು ಓದಿಸಿಕೊಳ್ಳುತ್ತವೆ, ನಕಲೂ ಆಗುತ್ತವೆ. ಆದರೆ ಅದರಲ್ಲಿ ಹೊಸ ಫೈಲು ಇಡಲು, ಹೆಸರು ಬದಲಿಸಲು, ಅಳಿಸಲು ಬರುವುದಿಲ್ಲ. ಅದಕ್ಕೆ ಬೇರೆ ಸಂಸ್ಥೆಗಳ ಡ್ರೈವರ್ ಹಾಕಿಕೊಳ್ಳಬೇಕು. ಹಳೆಯ ಫೈಲುಗಳನ್ನು ಒಮ್ಮೆ ಹೊರಗೆ ತೆಗೆದುಕೊಳ್ಳುವುದಷ್ಟೇ ಉದ್ದೇಶವಾದರೆ ಓದುವ ಅನುಮತಿಯೇ ಸಾಕು.

ಎದುರು ದಿಕ್ಕಿನ ಪಯಣ ಕಷ್ಟದ್ದು. ವಿಂಡೋಸ್ ತಾನಾಗಿ ಎಚ್‌ಎಫ್‌ಎಸ್ ಪ್ಲಸ್, ಎಪಿಎಫ್‌ಎಸ್, ಇಎಕ್ಸ್‌ಟಿ4 ಯಾವುದನ್ನೂ ಓದುವುದಿಲ್ಲ. ಲಿನಕ್ಸ್ ಎಚ್‌ಎಫ್‌ಎಸ್ ಪ್ಲಸ್ ಅನ್ನು ಓದುತ್ತದೆ. ಅದರಲ್ಲಿ ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ, ಚಾಲೂ ಇದ್ದರೆ ಸಾಮಾನ್ಯವಾಗಿ ಬರೆಯುವುದಿಲ್ಲ. ಮ್ಯಾಕ್ ಅಥವಾ ಲಿನಕ್ಸ್ ಬಿಡಲು ಹೊರಟವರು ಹಳೆಯ ಯಂತ್ರ ಕೈಯಲ್ಲಿರುವಾಗಲೇ ಫೈಲುಗಳನ್ನು ಎಕ್ಸ್‌ಫ್ಯಾಟ್ ಡಿಸ್ಕಿಗೆ ಸಾಗಿಸಿಕೊಳ್ಳುವುದು ಜಾಣತನ. ಎಕ್ಸ್‌ಫ್ಯಾಟ್ ಅನ್ನು ವಿಂಡೋಸ್ ವಿಸ್ಟಾದ ಮೊದಲ ಸರ್ವಿಸ್ ಪ್ಯಾಕಿನಿಂದಲೂ, ಮ್ಯಾಕ್ 2010ರ 10.6.5 ಆವೃತ್ತಿಯಿಂದಲೂ ಬಲ್ಲವು. ಮೈಕ್ರೋಸಾಫ್ಟ್ 2019ರ ಆಗಸ್ಟ್‌ನಲ್ಲಿ ಅದರ ತಾಂತ್ರಿಕ ವಿವರಗಳನ್ನು ಪ್ರಕಟಿಸಿದ ಮೇಲೆ ಲಿನಕ್ಸ್ ಕರ್ನೆಲ್ಲಿಗೂ ಅದು ಬಂತು, 2020ರ 5.7ನೇ ಆವೃತ್ತಿಯಿಂದ ಸ್ಯಾಮ್‌ಸಂಗ್ ಬರೆದ ಡ್ರೈವರ್ ಅಲ್ಲಿದೆ. ಒಂದು ಕೊರತೆಯೆಂದರೆ ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ. ನಕಲು ನಡೆಯುತ್ತಿರುವಾಗ ಕರೆಂಟು ಹೋದರೆ, ಕೇಬಲ್ ಕಿತ್ತುಬಂದರೆ ಲೆಕ್ಕ ಕೆಡುವ ಸಂಭವ ಹೆಚ್ಚು. ಸಾಗಾಟಕ್ಕೆ ಅದು ಒಳ್ಳೆಯದು. ಒಂದೇ ಪ್ರತಿ ಇರುವ ಫೈಲುಗಳ ಏಕೈಕ ಆಸರೆಯಾಗಿ ಇಡಲು ತಕ್ಕದ್ದಲ್ಲ.

ಫೈಲುಗಳನ್ನು ಅಳಿಸದೆ ಎನ್‌ಟಿಎಫ್‌ಎಸ್ ಅನ್ನು ಎಕ್ಸ್‌ಫ್ಯಾಟ್‌ಗೋ ಇಎಕ್ಸ್‌ಟಿ4ಗೋ ಬದಲಿಸುವ ನೆಚ್ಚಬಹುದಾದ ಸಾಧನ ಈ ಆಪರೇಟಿಂಗ್ ಸಿಸ್ಟಮ್‌ಗಳ ಜೊತೆ ಬರುವುದಿಲ್ಲ. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು, ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ತಾಳೆ ನೋಡಬೇಕು, ಅಲ್ಲಲ್ಲಿ ಕೆಲವನ್ನು ತೆರೆದು ನೋಡಬೇಕು. ಆಮೇಲಷ್ಟೇ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಕು. ನಕಲಿಸುವಾಗ ಹೆಸರುಗಳೂ ತಡೆಯಾಗಬಹುದು. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ ವಿವರಣ ಚಿಹ್ನೆ (:), ಪ್ರಶ್ನಾರ್ಥಕ ಚಿಹ್ನೆ ಸಲ್ಲುತ್ತವೆ, ವಿಂಡೋಸ್‌ನಲ್ಲಿ ಸಲ್ಲುವುದಿಲ್ಲ.

ಡಿಸ್ಕ್ ತೆರೆದರೂ ಕೆಲವು ಫೋಲ್ಡರುಗಳಿಗೆ ‘ಅನುಮತಿ ಇಲ್ಲ’ ಎಂಬ ಉತ್ತರ ಬರುವುದುಂಟು. ಎನ್‌ಟಿಎಫ್‌ಎಸ್ ಮತ್ತು ಇಎಕ್ಸ್‌ಟಿ4 ಪ್ರತಿ ಫೈಲಿನ ಒಡೆಯ ಯಾರೆಂದು ಬರೆದಿಡುತ್ತವೆ, ಆ ಒಡೆಯ ಹಳೆಯ ಕಂಪ್ಯೂಟರಿನ ಖಾತೆಯಾಗಿರುತ್ತಾನೆ. ಹೊಸ ಯಂತ್ರದ ಅಡ್ಮಿನ್ ಖಾತೆಯಿಂದ ಒಡೆತನ ಬದಲಿಸಿಕೊಳ್ಳಬಹುದು. ಗೂಢಲಿಪಿಯ ಡಿಸ್ಕಿನ ಮಾತು ಬೇರೆ. ವಿಂಡೋಸ್‌ನ ಗೂಢಲಿಪಿ ಸೌಲಭ್ಯವಾದ ಬಿಟ್‌ಲಾಕರ್ ಹಾಕಿದ ಡಿಸ್ಕನ್ನು ಇಂದಿನ ಲಿನಕ್ಸ್ ತೆರೆಯಬಲ್ಲದು, ಆದರೆ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಅವೆರಡೂ ಕಳೆದಿದ್ದರೆ ಯಾವ ಅಂಗಡಿಯಲ್ಲೂ ರಿಪೇರಿ ಸಾಧ್ಯವಿಲ್ಲ. ಆದ್ದರಿಂದ ಹಳೆಯ ವಿಂಡೋಸ್ ಅಳಿಸುವ ಮೊದಲೇ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಇಲ್ಲವೇ ಗೂಢಲಿಪಿಯನ್ನು ತೆಗೆದುಹಾಕಬೇಕು.

ಡಿಸ್ಕ್ ಪಟ್ಟಿಯಲ್ಲೇ ಕಾಣಿಸದಿದ್ದರೆ ಫೈಲ್ ಸಿಸ್ಟಮನ್ನು ದೂರುವ ಮೊದಲು ಕೇಬಲ್ ನೋಡಬೇಕು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಟ್ಟರೆ 3.0 ಪೋರ್ಟ್ 900 ಕೊಡುತ್ತದೆ. ಕೆಲವು ಹಳೆಯ ಡಿಸ್ಕುಗಳು ಎರಡು ಪ್ಲಗ್‌ಗಳ ಕೇಬಲ್ ಜೊತೆ ಬರುತ್ತಿದ್ದುದು ಇದೇ ಕಾರಣಕ್ಕೆ. ವಿದ್ಯುತ್ ಸಾಲದಿದ್ದರೆ ಡಿಸ್ಕ್ ಟಿಕ್ ಟಿಕ್ ಎನ್ನುತ್ತಾ ತಿರುಗಲು ಹೆಣಗುತ್ತದೆ. ನೇರವಾಗಿ ಕಂಪ್ಯೂಟರಿಗೇ ಬೇರೆ ಕೇಬಲ್‌ನಲ್ಲಿ ಜೋಡಿಸಿದ ಮೇಲೂ ಆ ಸದ್ದು ನಿಲ್ಲದಿದ್ದರೆ ದೋಷ ಯಂತ್ರಭಾಗದಲ್ಲಿದೆ, ಮತ್ತೆ ಮತ್ತೆ ಚಾಲೂ ಮಾಡುವುದರಿಂದ ಹಾನಿ ಹೆಚ್ಚುತ್ತದೆ.

ಕನ್ನಡದಲ್ಲಿ ಬರೆದಿಟ್ಟವರಿಗೆ ಇನ್ನೆರಡು ತೊಡಕುಗಳಿವೆ. ಮೊದಲನೆಯದು ಫೈಲುಗಳ ಹೆಸರಿನದು. ಯುನಿಕೋಡ್‌ನಲ್ಲಿ ದೀರ್ಘ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳ ಸರಣಿಯಾಗಿಯೂ ಬರೆಯಬಹುದು. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಹೀಗೆಯೇ ಎರಡು ರೂಪಗಳಿವೆ. ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತದೆ, ವಿಂಡೋಸ್ ಮತ್ತು ಲಿನಕ್ಸ್ ಕೀಲಿಮಣೆಯಿಂದ ಬಂದಂತೆಯೇ ಇಡುತ್ತವೆ. ಆದ್ದರಿಂದ ಹಳೆಯ ಮ್ಯಾಕ್ ಡಿಸ್ಕಿನಿಂದ ಬಂದ ‘ಊರಿನ ಫೋಟೋ’ ಎಂಬ ಫೋಲ್ಡರ್ ಕಣ್ಣಿಗೆ ಕಾಣುತ್ತಿದ್ದರೂ ಅದೇ ಹೆಸರು ಟೈಪಿಸಿ ಹುಡುಕಿದಾಗ ಸಿಗದೆ ಹೋಗಬಹುದು.

ಎರಡನೆಯದು ಇನ್ನೂ ದೊಡ್ಡದು. ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಚೇರಿ ಪತ್ರಗಳು, ಕಥೆಗಳು, ಪುಸ್ತಕದ ಕರಡುಗಳು ಕರ್ನಾಟಕದ ಹಳೆಯ ಡಿಸ್ಕುಗಳಲ್ಲಿ ರಾಶಿ ರಾಶಿಯಾಗಿವೆ. ಆ ಫೈಲುಗಳ ಒಳಗಿರುವುದು ಕನ್ನಡದ ಸಂಕೇತಗಳಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ಕನ್ನಡದ ಆಕಾರ ಕೊಡುತ್ತಿದ್ದುದು ಫಾಂಟ್ ಮಾತ್ರ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಫೈಲ್ ಹಾಳಾಗಿದೆ ಎಂದುಕೊಂಡು ಅಳಿಸಿಬಿಡುವ ಅನಾಹುತ ಇಲ್ಲಿ ಆಗಬಾರದು. ಹಳೆಯ ಕಂಪ್ಯೂಟರಿನಿಂದ ಆ ಫಾಂಟ್ ಫೈಲುಗಳನ್ನೂ ತಂದು ಹಾಕಿಕೊಂಡರೆ ಲಿಬ್ರೆ ಆಫೀಸ್‌ನಲ್ಲೂ ಪುಟ ಓದಲು ಬರುತ್ತದೆ. ಹುಡುಕಲು, ತಿದ್ದಲು, ಮೊಬೈಲಿನಲ್ಲಿ ಓದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಪಠ್ಯದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡದ ಸಂಕೇತಗಳೆಂದೇ ತಿಳಿದು ಕೆಡಿಸಬಹುದು. ಮೂಲ ಫೈಲನ್ನು ಫಾಂಟಿನ ಸಮೇತ ಉಳಿಸಿಕೊಂಡಿದ್ದರೆ ಅಂಥ ತಪ್ಪುಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ ತಿದ್ದಲು ಸಾಧ್ಯವಾಗುತ್ತದೆ.