ಅಣ್ಣನ ಮೊದಲ ಕನ್ನಡ ಕಾರ್ಡು

ದೇಶಪಾಂಡೆ ನಗರದ ನಮ್ಮ ಮನೆಯ ಹತ್ತಿರವೇ ಸವಾಯಿ ಗಂಧರ್ವ ಕಲಾಮಂದಿರ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಸಡಗರ ನನ್ನ ಅಡುಗೆಮನೆಯವರೆಗೂ ಬರುತ್ತದೆ. ಆಗೆಲ್ಲ ನನಗೆ ನೆನಪಾಗುವುದು ಅವ್ವನ ಟ್ರಂಕಿನಲ್ಲಿದ್ದ ಒಂದು ಹಳೆಯ ಅಂಚೆ ಕಾರ್ಡು.

ಅವ್ವನ ತವರು ಕೊಪ್ಪಳದ ಕಡೆಯ ಹಳ್ಳಿ. ಮುಂಜಾನೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಗದಗಿನ ಮೇಲೆ ಹೊತ್ತು ಮುಳುಗುವುದರೊಳಗೆ ಮುಟ್ಟಬಹುದು. ಆದರೆ ಅವಳು ಮದುವೆಯಾಗಿ ಬಂದಾಗ ಹುಬ್ಬಳ್ಳಿ ಮುಂಬಯಿ ಪ್ರಾಂತ, ಕೊಪ್ಪಳ ನಿಜಾಮನ ಸೀಮೆ. ಅಲ್ಲಿಯ ರೊಕ್ಕ ಹಾಲಿ ಸಿಕ್ಕಾ. ತವರಿನವರು ಕೊಟ್ಟ ರೂಪಾಯಿಯನ್ನು ಇಲ್ಲಿ ಬದಲಿಸಬೇಕು. ಅಷ್ಟೇಕೆ, ಸವಾಯಿ ಗಂಧರ್ವರ ಊರು ಕುಂದಗೋಳ ಹುಬ್ಬಳ್ಳಿಯ ಮಗ್ಗುಲಲ್ಲೇ ಇದ್ದರೂ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು!

ರೊಕ್ಕದ ತೊಡಕು ಹೇಗೋ ನೀಗುತ್ತಿತ್ತು, ಅಕ್ಷರದ್ದು ನೀಗಲಿಲ್ಲ. ನಿಜಾಮನ ಸಾಲಿಯಲ್ಲಿ ಉರ್ದು ಕಲಿತ ಸೋದರಮಾವನಿಗೆ ಕನ್ನಡ ಮಾತು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅವ್ವ ಮದುವೆಯ ನಂತರ ಹುಬ್ಬಳ್ಳಿಯಲ್ಲಿ ನಾದಿನಿಯಿಂದ ಕನ್ನಡ ಓದು ಕಲಿತವಳು. ಅಣ್ಣನ ಪತ್ರ ಬಂದರೆ ಓಣಿಯ ಉರ್ದು ಬಲ್ಲ ಹಿರಿಯರೊಬ್ಬರ ಹತ್ತಿರ ಒಯ್ಯಬೇಕು. ತವರಿನ ಜಡ್ಡು, ಸಾಲ, ಸಂಕಟ ಎಲ್ಲ ಪರರ ಬಾಯಿಂದ ಕೇಳಬೇಕು. 1952ರಲ್ಲಿ ಒಮ್ಮೆ ಆ ಹಿರಿಯರು ಊರಲ್ಲಿರಲಿಲ್ಲ. ಪತ್ರ ನಾಲ್ಕು ದಿನ ದೇವರ ಮಾಡದಲ್ಲೇ ಉಳಿಯಿತು. ಅಜ್ಜಿಗೆ ಬಹಳ ಆಗಿದೆ, ಲಗೂನ ಬಾ ಎಂದು ಅದರಲ್ಲಿತ್ತು. ಅವ್ವ ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ನಿಜಾಮನ ಆಳ್ವಿಕೆ 1948ರಲ್ಲೇ ಮುಗಿದಿದ್ದರೂ ಕನ್ನಡದ ನೆಲ ಮುಂಬಯಿ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಎಂದು ಹಂಚಿಹೋಗಿತ್ತು. 1953ರ ಮಾರ್ಚ್ 28ರಂದು ಇಲ್ಲೇ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತರು. 23 ದಿನ ನಡೆಸಿದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಭೆ ಸೇರಿದಾಗ ಸಾವಿರಾರು ಜನ ಬೀದಿಗಿಳಿದರು. ನಾನಾಗ ತೊಟ್ಟಿಲ ಕೂಸು. ನನ್ನನ್ನು ಎತ್ತಿಕೊಂಡು ಅವ್ವ ಬಾಗಿಲಲ್ಲಿ ನಿಂತಿದ್ದಳಂತೆ. "ರಾಜ್ಯ ಅಂದ್ರೇನು ನನಗೆಲ್ಲಿ ತಿಳೀತಿತ್ತವಾ? ತವರಮನಿ ನಮ್ಮ ಕಡೆ ಬರತೈತೇನೋ ಅಂತ ನೋಡಿದೆ" ಎನ್ನುತ್ತಿದ್ದಳು.

ಆ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ಬಂತು. 1956ರ ನವೆಂಬರ್ 1ಕ್ಕೆ ಕೊಪ್ಪಳ, ಹುಬ್ಬಳ್ಳಿ ಒಂದೇ ರಾಜ್ಯದೊಳಗೆ ಬಂದವು. ಹೆಸರು ಮೈಸೂರು, ಕರ್ನಾಟಕವೆಂದಾಗಲು 1973 ಬರಬೇಕಾಯಿತು.

ಮಾವ ಆ ಚಳಿಗಾಲ ತನ್ನ ಮಗನ ಪಾಟಿಯ ಮೇಲೆ, ಮಗನ ಪಕ್ಕ ಕುಳಿತು ಅ ಆ ಇ ಈ ತಿದ್ದಿದ. 1957ರಲ್ಲಿ ಕಾರ್ಡು ಬಂತು. ಒತ್ತಕ್ಷರ ತಪ್ಪಿದ್ದವು, ಸಾಲು ಸೊಟ್ಟಗಿದ್ದವು. ಪಂಚಮಿಗೆ ಬಾ ಎಂದಿಷ್ಟೇ ಇತ್ತು. ಅವ್ವ ಅದನ್ನು ಯಾರಿಗೂ ಕೊಡದೆ, ಒಲೆಯ ಮುಂದೆ ಕುಳಿತು ತಾನೇ ಓದಿದಳು.

ಅದೇ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರೂ ಹೊರಗೇ ಉಳಿದರು. ನಮ್ಮ ಅವ್ವನಿಗೆ ಗಡಿ ಅಳಿಸಿದ ದಿನ, ಇನ್ನಾವಳೋ ಮಗಳ ತವರಿನ ದಾರಿಗೆ ಗಡಿ ಬಿದ್ದಿತ್ತು. ಕಲಾಮಂದಿರದ ಕಡೆಯಿಂದ ನಾಡಗೀತೆ ಕೇಳಿದಾಗ ನಾನು ಎದ್ದು ನಿಲ್ಲುತ್ತೇನೆ. ಅವ್ವನ ಕಾರ್ಡಿನ ಜೊತೆಗೆ, ಆ ಹೆಣ್ಣುಮಗಳ ನೆನಪೂ ಬರುತ್ತದೆ.